ಒದ್ದೆ ಕುರಿಗೆ ಬಿದ್ದ ಮತ

ಏಳನೆಯ ಕಂತು

ಉಣ್ಣೆ ಮೂಟೆಯೊಳಗೆ ಮೊಣಕೈವರೆಗೆ ನನ್ನ ಕೈ ಹೋಗಿತ್ತು. ಇನ್ನೂ ಒಳಗೆ ಹೋಗಬೇಕಿತ್ತು.

“ಒಳಗೆ ಹಾವು ಗೀವು ಇದ್ರೆ ನನ್ನ ಬೈಬೇಡ ತಾಯಿ,” ಅಂದ ಡೂಲನ್. ಕುಲ್ಬರಾ ಎಂಬ ಈ ಕುರಿ ಜಮೀನಿನ ಶೆಡ್ಡಿನಲ್ಲಿ ಉಣ್ಣೆಯನ್ನು ಯಂತ್ರಕ್ಕೆ ತುಂಬಿ, ಒತ್ತಿ, ಮೂಟೆ ಕಟ್ಟುವವನು ಅವನೇ. ಕೈಯಲ್ಲಿ ಮೂಟೆ ಎಳೆಯುವ ಕೊಕ್ಕೆ, ಬಾಯಲ್ಲಿ ಹಚ್ಚದ ಸಿಗರೇಟು.

“ಹಾವಿಗೂ ಈ ವಾಸನೆ ಆಗಲ್ಲ ಬಿಡು. ಸೀಳು ಇನ್ನೊಂಚೂರು ದೊಡ್ಡದು ಮಾಡು.”

“ಮೂಟೆ ಹರಿದಿದ್ದು ಯಾರು ಅಂತ ಧಣಿ ಕೇಳಿದ್ರೆ?”

“ನನ್ನ ಹೆಸರೇ ಹೇಳು, ಬರ್ನಿ ಸ್ಲೋನ್ ಅನ್ನು. ಹೆಸರಿನ ಹಿಂದೆ ಮುಂದೆ ಸೇರಿಸೋದನ್ನ ಧಣಿಯೇ ಸೇರಿಸ್ಕೋತಾನೆ.”

ಹೊರಗೆ ಲಾರಿಯವನು ಮತ್ತೆ ಹಾರ್ನ್ ಬಾರಿಸಿದ. ಶೆಡ್ಡಿನ ಮೂಟೆಗಳೆಲ್ಲ ಅವತ್ತೇ ಮೆಲ್ಬರ್ನಿಗೆ ಹೊರಡಬೇಕಿತ್ತು. ನನಗೆ ಬೇಕಾದ ಮೂಟೆ ಒಂದೇ. ಅದೂ ತೂಕ ಸಾಲದೆ ರಾಶಿಯ ಅಡಿಯಲ್ಲಿ ಮೂಲೆ ಸೇರಿದ್ದು.

ಮೂರು ವಾರದ ಹಿಂದೆ ಇದೇ ಶೆಡ್ಡಿನಲ್ಲಿ ಉಣ್ಣೆ ಕತ್ತರಿಸುವ ತಂಡದಿಂದ ‘ಕುರಿ ಒದ್ದೆ’ ಎಂದು ಮತ ಬಿದ್ದು ಕೆಲಸ ನಿಂತಿತ್ತು. ಮತ ಎಣಿಸಿದ ಹೋನೆ ರಾಪಾನಾ ಮೋಸ ಮಾಡಿದನೆಂದು ಅವನನ್ನು ಅದೇ ಮಧ್ಯಾಹ್ನ ಕೆಲಸದಿಂದ ತೆಗೆದಿದ್ದರು. ತೆಗೆದವಳು ಆ ತಂಡದ ಗುತ್ತಿಗೆದಾರಳು ಟ್ರೂಡಿ ವೆಲ್ಲಾ, ನನ್ನ ಕಕ್ಷಿದಾರಳು. ಹೋನೆ ಕೊಟ್ಟ ದೂರಿನ ಬಗ್ಗೆ ಹನ್ನೊಂದಕ್ಕೆ ಕಾರ್ಮಿಕ ವ್ಯಾಜ್ಯಗಳ ಆಯೋಗದಿಂದ ಅವಳಿಗೆ ಫೋನ್ ಬರುವುದಿತ್ತು. ಹೋನೆ ಮೋಸಗಾರ ಎಂದು ಅಷ್ಟರೊಳಗೆ ತೋರಿಸಿಕೊಟ್ಟರೆ ಅವಳ ಕಸುಬು ಉಳಿಯುತ್ತಿತ್ತು.

ಭುಜದವರೆಗೆ ತೂರಿಸಿದೆ. ಬೆರಳಿಗೆ ಮೂಟೆಯ ನಡುಭಾಗ ಸಿಕ್ಕಿತು.

ಬೆಚ್ಚಗಿತ್ತು.

ಬಿಸಿಲಿನ ಬಿಸಿಯಲ್ಲ ಅದು. ಮೂಟೆಯ ಹೊರಮೈ ತಣ್ಣಗೇ ಇತ್ತು. ಜ್ವರ ಬಂದ ಮಗುವಿನ ಕಂಕುಳಲ್ಲಿ ಕೈಯಿಟ್ಟ ಹಾಗೆ, ಒಳಗಿನಿಂದ ಹುಟ್ಟಿದ ಬಿಸಿ.

“ಡೂಲನ್, ಕೈ ಹಾಕಿ ನೋಡು.”

ಅವನು ಹಾಕಿದ. ಬಾಯಿಂದ ಸಿಗರೇಟು ಬಿತ್ತು. ಎತ್ತಿಕೊಳ್ಳಲಿಲ್ಲ.

“ಒದ್ದೆ ಉಣ್ಣೆ ಒತ್ತಿದ್ದೀನಿ, ಅದೇ ಒಳಗೊಳಗೆ ಬೆಂದು ಬಿಸಿಯಾಗಿದೆ,” ಅಂದ ಮೆಲ್ಲಗೆ.

“ಒತ್ತು ಅಂದಿದ್ಯಾರು?”

“ಇನ್ಯಾರು, ಪಾಕ್ಲಿ ಧಣಿ. ಎದುರಿಗೇ ನಿಂತಿದ್ರು. ‘ನನ್ನ ಕುರಿ ಒಣಗಿದೆ, ನನ್ನ ಉಣ್ಣೆ ಒಣಗಿದೆ, ಒತ್ತೋ’ ಅಂದ್ರು. ನನಗೇನು, ಹಿಟ್ಟು ಕೊಟ್ರೆ ಹಿಟ್ಟೂ ಒತ್ತಿ ಮೂಟೆ ಕಟ್ತೀನಿ.”

ನನ್ನ ಕಕ್ಷಿದಾರಳ ಕಾಲ ಕೆಳಗಿನ ನೆಲ ಈಗಷ್ಟೇ ಕುಸಿದಿತ್ತು. ಆದರೂ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂರು ವಾರದಿಂದ ಒಂದು ಬಾಯಿಯೂ ಹೇಳದ್ದನ್ನು ಒಂದು ಮೂಟೆ ಹೇಳಿತ್ತು.

ಒದ್ದೆ ಕುರಿಯ ಉಣ್ಣೆ ಕತ್ತರಿಸಿದರೆ ಮೈಯೆಲ್ಲ ಬೊಕ್ಕೆ, ಕೀಲುನೋವು ಎಂಬುದು ಕತ್ತರಿಯವರ ನಂಬಿಕೆ. ಅನುಮಾನ ಬಂದ ದಿನ ಪ್ರತಿಯೊಬ್ಬನೂ ಎರಡೆರಡು ಕುರಿಯ ಉಣ್ಣೆ ಕತ್ತರಿಸಿ ನೋಡುತ್ತಾನೆ. ಆಮೇಲೆ ಒಂದು ಟೋಪಿಯೊಳಗೆ ಚೀಟಿ ಹಾಕುತ್ತಾರೆ. ‘ಒದ್ದೆ’ ಅಥವಾ ‘ಒಣ’. ಅವರೇ ಆರಿಸಿದ ಪ್ರತಿನಿಧಿ ಎಣಿಸಿ ಫಲಿತಾಂಶವನ್ನಷ್ಟೇ ಹೇಳುತ್ತಾನೆ. ಚೀಟಿಗಳು ಅಡುಗೆಯವನ ಒಲೆ ಸೇರುತ್ತವೆ.

ಯಾರು ಏನು ಹಾಕಿದರೆಂದು ಯಾರೂ ಕೇಳುವುದಿಲ್ಲ. ಕೇಳಿದವನನ್ನು ಮರುದಿನದಿಂದ ಊಟದ ಮೇಜಿನಲ್ಲಿ ಮಾತಾಡಿಸುವುದಿಲ್ಲ. ನಾನೂ ಇಂಥ ಶೆಡ್ಡುಗಳಲ್ಲಿ ಕಸ ಗುಡಿಸಿ ಬೆಳೆದವಳು. ಕಾರ್ಮಿಕ ಇಲಾಖೆಯ ತನಿಖಾಧಿಕಾರಿಯಾಗಿ ಹತ್ತು ವರ್ಷ ದುಡಿದು ಬಿಟ್ಟ ಮೇಲೂ ಆ ಪ್ರಶ್ನೆ ನನ್ನ ಬಾಯಿಂದ ಹೊರಡಲಿಲ್ಲ. ಅದಕ್ಕೇ ಮನುಷ್ಯರನ್ನು ಬಿಟ್ಟು ಉಣ್ಣೆಯನ್ನು ಕೇಳಬೇಕಾಯಿತು.

ಮತದ ದಿನ ಹಾಗೆ ಕತ್ತರಿಸಿ ನೋಡಿದ ಉಣ್ಣೆ ಉತ್ತರಿಸಿತ್ತು. ಮತ ನಿಜ. ಹೋನೆ ಮೋಸ ಮಾಡಿರಲಿಲ್ಲ.

ಆದರೆ ಮತ ಬಿದ್ದದ್ದು ಸೋಮವಾರ, ಹಿಂದಿನ ದಿನ ಮಳೆಯಿಲ್ಲ, ಇಬ್ಬನಿಯೂ ಇಲ್ಲ. ಕುರಿಗಳು ಭಾನುವಾರ ಮಧ್ಯಾಹ್ನದಿಂದಲೇ ಸೂರಿನ ಕೆಳಗಿದ್ದವು. ಹಾಗಿದ್ದರೆ ನೀರು ಎಲ್ಲಿಂದ ಬಂತು?

ಕೈಗೆ ಸಿಕ್ಕಷ್ಟು ಉಣ್ಣೆ ಎಳೆದು ಬೆಳಕಿಗೆ ಹಿಡಿದೆ. ಹಳದಿಗಟ್ಟಿತ್ತು, ಮುಗ್ಗಲು ನಾತ. ಎಳೆಗಳ ನಡುವೆ ಕೆಂಪು ಪುಡಿಯಂಥದ್ದು ಸಿಕ್ಕಿಕೊಂಡಿತ್ತು. ಮಣ್ಣೆಂದುಕೊಂಡು ಉಜ್ಜಿದೆ. ಮಣ್ಣಲ್ಲ. ಉಗುರಿನ ತುದಿಯಷ್ಟು ಸಣ್ಣ ಎಲೆ, ಕವಲೊಡೆದದ್ದು.

“ಅಜೋಲಾ,” ಅಂದೆ.

“ಏನು?”

“ಅಜೋಲಾ ಕಣೋ. ನಿಂತ ನೀರಿನ ಮೇಲೆ ಕೆಂಪು ಕಂಬಳಿ ಹಾಸಿದ ಹಾಗೆ ಬೆಳೆಯುತ್ತಲ್ಲ. ಈ ಜಮೀನಲ್ಲಿ ಎಲ್ಲಿದೆ ಅದು?”

ಡೂಲನ್ ಕೊಕ್ಕೆಯಿಂದ ಬೆನ್ನು ಕೆರೆದುಕೊಂಡ. “ನಮ್ಮ ಬಿಡಾರದ ಹಿಂದಿನ ಹೊಂಡದಲ್ಲಿ. ಬೇರೆ ಕಡೆಯೆಲ್ಲ ಬೋರ್‌ವೆಲ್ ನೀರು. ಉಪ್ಪು. ಚಹಾ ಮಾಡಿದ್ರೆ ಕಣ್ಣೀರು ಕುಡಿದಂಗಾಗುತ್ತೆ.”

ಬೇಸಿಗೆಯಲ್ಲಿ ಇಲ್ಲಿನ ಪ್ರತಿ ಪಿಕಪ್ಪಿನ ಬೆನ್ನ ಮೇಲೂ ನೀರಿನ ಟ್ಯಾಂಕು, ಒಂದು ಪಂಪು, ಸುರುಳಿ ಸುತ್ತಿದ ಪೈಪು ಇರುತ್ತವೆ. ಹುಲ್ಲಿಗೆ ಬೆಂಕಿ ಬಿದ್ದರೆ ಮೊದಲು ತಲುಪುವುದು ಅವೇ. ಹೋನೆ ಭಾನುವಾರ ಡೆನಿ ಪಟ್ಟಣದ ತಂಗಿಯ ಮನೆಯಲ್ಲಿದ್ದ, ಅವನಿಗೆ ಗಾಡಿಯೂ ಇಲ್ಲ. ಆ ಭಾನುವಾರ ಜಮೀನಿನಲ್ಲಿದ್ದದ್ದು ಎರಡೇ ಟ್ಯಾಂಕು.

ಜಮೀನಿನ ಧಣಿ ಅಲಿಸ್ಟರ್ ಪಾಕ್ಲಿಯ ಪಿಕಪ್ಪು ಶೆಡ್ಡಿನ ನೆರಳಲ್ಲೇ ನಿಂತಿತ್ತು. ಪಂಪಿನ ಜಾಲರಿ ಬಿಚ್ಚಿದೆ. ಬಿಳಿ ಉಪ್ಪಿನ ಗಟ್ಟಿ. ಬೋರ್‌ವೆಲ್ ನೀರಲ್ಲದೆ ಬೇರೆ ಮುಟ್ಟಿದ್ದಲ್ಲ.

ಎರಡನೆಯದರ ಜಾಲರಿ ಬಿಚ್ಚಲು ಕೈ ಹಿಂಜರಿಯಿತು. ಆದರೂ ಬಿಚ್ಚಿದೆ. ಒಣಗಿದ ಕೆಂಪು ಪುಡಿ ಅಂಗೈಗೆ ಉದುರಿತು.

ಆ ಗಾಡಿಯ ಬಾಗಿಲ ಮೇಲೆ ನೀಲಿ ಅಕ್ಷರದಲ್ಲಿ ಬರೆದಿತ್ತು: ವೆಲ್ಲಾ ಉಣ್ಣೆ ಗುತ್ತಿಗೆ.

“ಡೂಲನ್, ಆ ಮೂಟೆ ಲಾರಿಗೆ ಹೋಗಬಾರದು.”

“ಹೋಗಲ್ಲ. ಅದರ ಮೇಲೆ ಮಲಗ್ತೀನಿ,” ಅಂದ ಅವನು. “ಬೆಚ್ಚಗೂ ಇದೆ.”

*

ಬಿಡಾರದ ಅಡುಗೆಮನೆಯಲ್ಲಿ ಟ್ರೂಡಿ ಒಬ್ಬಳೇ ಕೂತಿದ್ದಳು. ಶೆಡ್ಡಿನ ಕಡೆ ಫೋನಿಗೆ ಸಿಗ್ನಲ್ ಬರುವ ಜಾಗ ಇದೊಂದೇ. ಮೇಜಿನ ಮೇಲೆ ಎರಡು ಚಹಾ, ಒಂದು ತಟ್ಟೆ ತೆಂಗಿನಕಾಯಿ ಪುಡಿ ಹಚ್ಚಿದ ಚಾಕೊಲೇಟ್ ಕೇಕು. ಅಪ್ಪ ಸತ್ತ ಮೇಲೆ ತಂಡ ನಡೆಸುತ್ತಿದ್ದವಳು. ಐವತ್ತರ ಹೆಂಗಸು, ತೋಳುಗಳು ಇನ್ನೂ ಕುರಿ ಎತ್ತುವಷ್ಟು ಗಟ್ಟಿ.

“ಬಾ ಬಾ. ಸಿಕ್ತಾ ಏನಾದ್ರೂ? ಮಗಳನ್ನ ಶಾಲೆ ಬಸ್ಸಿಗೆ ಹತ್ತಿಸಿ ಅಷ್ಟು ದೂರದಿಂದ ಬಂದಿದೀಯ, ಮೊದ್ಲು ಕೇಕು ತಿನ್ನು.”

“ಆಮೇಲೆ ತಿಂತೀನಿ. ಮೊದಲು ಒಂದು ಮಾತು ಕೇಳ್ತೀನಿ, ನಿಜ ಹೇಳು.”

“ನೀನು ಯಾವತ್ತು ಒಂದೇ ಮಾತು ಕೇಳಿದ್ದೀಯ ಮಾರಾಯ್ತಿ.”

“ಹೋನೆ ಮೋಸ ಮಾಡ್ದ ಅಂತ ಅವತ್ತು ನೀನು ನಂಬಿದ್ಯಾ?”

“ನಂಬದೆ ತೆಗೀತೀನಾ? ಮಳೆಯಿಲ್ಲ, ಗಿಳೆಯಿಲ್ಲ...”

“ಟ್ರೂಡಿ.”

ನನ್ನ ಮಗಳು ಸುಳ್ಳು ಹೇಳುವಾಗ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಾಳೆ. ಟ್ರೂಡಿ ಇನ್ನೂ ನಾಲ್ಕು ಮಾತು ಹೆಚ್ಚು ಆಡಿದಳು. ಸೂರು, ಬಿಸಿಲು, ಪಾಕ್ಲಿಯ ಸಿಟ್ಟು. ನಾನು ಅಂಗೈ ಬಿಚ್ಚಿ ಕೆಂಪು ಪುಡಿಯನ್ನು ಕೇಕಿನ ತಟ್ಟೆಯ ಪಕ್ಕದಲ್ಲಿ ಉದುರಿಸಿದೆ.

“ಇದು ಆ ದಿನದ ಉಣ್ಣೇಲಿತ್ತು. ನಿನ್ನ ಪಂಪಿನ ಜಾಲರೀಲೂ ಇತ್ತು.”

ಅವಳು ಪುಡಿಯನ್ನೇ ನೋಡಿದಳು. ಎದ್ದು ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. ಬೆರಳ ತುದಿಯಿಂದ ಅದನ್ನು ಒಟ್ಟುಗೂಡಿಸಿ ಸಣ್ಣ ಗುಡ್ಡೆ ಮಾಡಿದಳು.

“ಉಣ್ಣೆ ಕತ್ತರಿಸೋ ನಾಲ್ಕನೇ ಯಂತ್ರ ಕೆಟ್ಟಿತ್ತು ಬರ್ನಿ.”

“ಯಾವ ಥರ ಕೆಟ್ಟಿತ್ತು?”

“ತಾನಾಗೇ ನಿಲ್ಲೋ ಗುಂಡಿ ಕೆಲಸ ಮಾಡ್ತಿರ್ಲಿಲ್ಲ. ಕತ್ತರಿ ಸಿಕ್ಕಾಕ್ಕೊಂಡ್ರೆ ಮೋಟಾರು ನಿಲ್ಲಲ್ಲ. ಹಿಡ್ಕೊಂಡವನ ಕೈ ಮುರಿಯುತ್ತೆ, ಕುತ್ತಿಗೆಗೂ ಬರಬಹುದು. ಭಾನುವಾರ ಪರೀಕ್ಷೆ ಮಾಡೋವಾಗ ಗೊತ್ತಾಯ್ತು. ರಿಪೇರಿಯವನು ಮಂಗಳವಾರಕ್ಕೆ ಮುಂಚೆ ಬರಲ್ಲ ಅಂದ.”

“ಹಂಗಂತ ಪಾಕ್ಲಿಗೆ ಹೇಳಿ ಸೋಮವಾರ ನಿಲ್ಲಿಸಬೇಕಿತ್ತು. ಸುರಕ್ಷತೆಗೆ ಅಂತ ನಿಲ್ಲಿಸಿದ್ರೆ ಕಾನೂನು ನಿನ್ನ ಬೆನ್ನಿಗಿರುತ್ತೆ.”

“ಕಾನೂನು ನನ್ನ ಬೆನ್ನಿಗಿರುತ್ತೆ, ಪಾಕ್ಲಿ ನನ್ನ ಎದುರಿಗಿರ್ತಾನೆ.” ಅವಳು ನಕ್ಕಳು. ನಗುವಿನಲ್ಲಿ ಜೀವವಿರಲಿಲ್ಲ. “ಸೋಮವಾರ ಶುರುವಾಗದಿದ್ರೆ ಮುಂದಿನ ವರ್ಷದಿಂದ ಬೇರೆಯವರು ಅಂದಿದ್ದ. ಒಂದೇ ಒಂದು ಯಂತ್ರ ಕೆಟ್ಟು ನಿಂತ್ರೂ ತಪ್ಪು ನಂದು. ಕುರಿ ಒದ್ದೆ ಅಂತ ನಿಂತ್ರೆ ತಪ್ಪು ಯಾರ್ದೂ ಅಲ್ಲ. ನಮ್ಮಪ್ಪನ ಕಾಲದಿಂದ್ಲೂ ಆ ಮತದ ಮುಂದೆ ಯಾವ ಧಣೀನೂ ಬಾಯಿ ಬಿಟ್ಟಿಲ್ಲ. ಅದಕ್ಕೇ ಸಂಜೆ ಹೊತ್ತಲ್ಲಿ ಹೋಗಿ ನೀರು ಹೊಡೆದೆ. ಬೆಳಿಗ್ಗೆ ಆ ಎರಡೆರಡು ಕುರಿ ಉಣ್ಣೆ ಕತ್ತರಿಸೋವಾಗ ನಾಲ್ಕನೇ ಯಂತ್ರಕ್ಕೆ ಯಾರನ್ನೂ ನಿಲ್ಲಿಸಲಿಲ್ಲ. ಅಷ್ಟರ ಮಟ್ಟಿಗೆ ಬುದ್ಧಿಯಿತ್ತು.”

“ಪಾಕ್ಲಿ ಬಾಯಿ ಬಿಟ್ಟ.”

“ಬಿಟ್ಟ. ‘ಟೋಪಿ ಹಿಡಿದವನು ಮೋಸ ಮಾಡಿದಾನೆ, ಅವನನ್ನ ಕಳಿಸು, ಇಲ್ಲಾಂದ್ರೆ ನೀನೂ ಹೊರಡು’ ಅಂದ. ಎಲ್ಲರೆದುರಿಗೆ. ಹನ್ನೆರಡು ಮನೆ ನಡೀತಿದೆ ನನ್ನ ತಂಡದಿಂದ. ಒಬ್ಬನ್ನ ಎರಡು ದಿನಕ್ಕೆ ಕಳಿಸಿ ಆಮೇಲೆ ಮೆಲ್ಲಗೆ ಕರ್ಕೊಳೋಣ ಅಂದ್ಕೊಂಡೆ. ಹೋನೆ ಕತ್ತರಿ ಹಿಡಿಯೋದು ಕಲಿತಿದ್ದೇ ನಮ್ಮಪ್ಪನ ಹತ್ರ. ನನ್ನ ಕೂಡಹುಟ್ಟಿದವನ ಥರ. ಅವನು ದೂರು ಕೊಡ್ತಾನೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ.”

“ಕೂಡಹುಟ್ಟಿದವನನ್ನ ಕಳ್ಳ ಅಂತ ಕಳಿಸ್ದೆ ಟ್ರೂಡಿ. ಡೆನಿಯಿಂದ ಬರ್ಕ್‌ವರೆಗೆ ಯಾವ ಶೆಡ್ಡಲ್ಲೂ ಈಗ ಅವನಿಗೆ ಜಾಗ ಇಲ್ಲ.”

ಅವಳು ಮುಖ ತಿರುಗಿಸಿದಳು.

ಗಡಿಯಾರ ನೋಡಿದೆ. ಹನ್ನೊಂದು ಹತ್ತಿರವಾಗಿತ್ತು. ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ.

“ಕೇಳು, ಬೇಗ ಹೇಳ್ತೀನಿ. ಈ ಥರದ ದೂರಲ್ಲಿ ಕಾರಣ ಸಾಬೀತು ಮಾಡಬೇಕಾದವನು ಹೋನೆ ಅಲ್ಲ. ಹಕ್ಕು ಚಲಾಯಿಸಿದ್ದಕ್ಕೇ ತೆಗೆದ್ರು ಅಂತ ಅವನು ಹೇಳಿದ ಮೇಲೆ, ಅಲ್ಲ ಅಂತ ನೀನು ತೋರಿಸಬೇಕು. ತೆಗೆಯೋ ಹೊತ್ತಲ್ಲಿ ನಿನ್ನ ಮನಸ್ಸಲ್ಲಿ ಏನಿತ್ತು ಅನ್ನೋದೇ ಪ್ರಶ್ನೆ. ಅವನು ಮೋಸ ಮಾಡ್ದ ಅಂತ ನೀನು ನಿಜವಾಗ್ಲೂ ನಂಬಿದ್ರೆ, ಆ ನಂಬಿಕೆ ತಪ್ಪಾಗಿದ್ರೂ, ನಿನಗೊಂದು ದಾರಿ ಇತ್ತು.”

“ಈಗ?”

“ನೀರು ಹೊಡೆದವಳಿಗೆ ಕುರಿ ಒದ್ದೆ ಅಂತ ಗೊತ್ತಿಲ್ವಾ? ಮತ ನಿಜ ಅಂತ ಗೊತ್ತಿದ್ದೇ ತೆಗೆದೆ. ಅದರ ಮೇಲೆ ಪ್ರತಿನಿಧಿಯನ್ನ ಬೇರೆ. ಕೆಲಸಗಾರರ ಪ್ರತಿನಿಧಿಗಳ ಹಕ್ಕು ಮೊದಲು ಬರೀ ರೂಢಿಯಾಗಿತ್ತು, ಈಗ ಕಾನೂನಿಗೇ ಸೇರಿಸಿದಾರೆ.”

“ವರ್ಷಕ್ಕೊಂದು ಹೊಸ ಕಾನೂನು ತರ್ತಾರೆ,” ಅಂದಳು ಟ್ರೂಡಿ. “ಹೊತ್ತು ಮೀರಿ ಫೋನ್ ಮಾಡಿದ್ರೆ ಎತ್ತದೇ ಇರೋದು ಹಕ್ಕು. ಬೇಕಂತ ಸಂಬಳ ತಪ್ಪಿಸಿದ್ರೆ ಜೈಲು. ನಮ್ಮಂಥೋರು ಕುರಿ ಹಿಡಿಯೋದ್ಯಾವಾಗ, ಇದನ್ನೆಲ್ಲ ಓದೋದ್ಯಾವಾಗ?”

“ಓದೋಕೆ ನಾನಿದ್ದೀನಿ. ನೀನು ನನ್ನ ಕರೆದಿದ್ದು ಅವನನ್ನ ಕಳಿಸಿದ ಮೇಲೆ. ಕಳಿಸೋಕೆ ಮುಂಚೆ ಒಂದು ಸಲ ಕರೆದಿದ್ರೆ ಈ ಕೇಕನ್ನ ನೆಮ್ಮದಿಯಾಗಿ ತಿಂತಿದ್ವಿ.”

ಅವಳು ಕೇಕಿನ ತಟ್ಟೆಯನ್ನು ನನ್ನ ಕಡೆ ದೂಡಿದಳು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಬೆಳಗಿನಿಂದ ಏನೂ ತಿಂದಿರಲಿಲ್ಲ.

“ನಿಜ ಹೇಳಿದ್ರೆ ಏನಾಗುತ್ತೆ?” ಅಂದಳು.

“ಹೋನೆ ಹೆಸರು ಶುದ್ಧವಾಗುತ್ತೆ. ಅವನಿಗೆ ಪರಿಹಾರ ಕೊಡ್ತೀಯ, ಕೆಲಸಕ್ಕೆ ವಾಪಸ್ ಕರೀತೀಯ. ಪಾಕ್ಲಿ ನಿನ್ನ ಓಡಿಸ್ತಾನೆ. ಅವನು ಓಡಿಸಿದ್ರೆ ಸುತ್ತಲಿನ ಇನ್ನಿಬ್ಬರು ಧಣಿಗಳೂ ಓಡಿಸಬಹುದು.”

“ಹೇಳದಿದ್ರೆ?”

“ನಾನು ಈಗಲೇ ಎದ್ದು ಹೋಗ್ತೀನಿ. ಸುಳ್ಳು ಅಂತ ಗೊತ್ತಿದ್ದೂ ನಿನ್ನ ಪಕ್ಕ ಕೂತ್ಕೊಳೋಕಾಗಲ್ಲ.”

ಟ್ರೂಡಿ ಬಾಯಿ ತೆರೆದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

*

ಆಯೋಗದ ಸಂಧಾನಾಧಿಕಾರಿಯ ದನಿ ಮೃದುವಾಗಿತ್ತು; ಹೋನೆಯೂ ಬೇರೆ ಕಡೆಯಿಂದ ಅದೇ ಕರೆಗೆ ಸೇರಿದ್ದ. ಹೆಸರುಗಳನ್ನು ಕೇಳಿದರು, ನಾನು ಟ್ರೂಡಿಯ ಸಲಹೆಗಾರ್ತಿ ಎಂದೆ. ಈ ಕರೆಯಲ್ಲಿ ಆಡಿದ್ದು ಹೊರಗೆ ಹೋಗುವಂತಿಲ್ಲ, ಒಪ್ಪಂದವಾದರೆ ಒಳ್ಳೆಯದು, ಆಗದಿದ್ದರೆ ಮುಂದಿನದು ನ್ಯಾಯಾಲಯ ಎಂದು ವಿವರಿಸಿದರು. ಫೋನು ಮೇಜಿನ ನಡುವೆ, ದನಿ ಇಬ್ಬರಿಗೂ ಕೇಳುವ ಹಾಗೆ. ಟ್ರೂಡಿ ನಮ್ಮ ಕಡೆಯ ಸದ್ದು ಮುಚ್ಚುವ ಗುಂಡಿಯ ಮೇಲೆ ಬೆರಳಿಟ್ಟಿದ್ದಳು.

“ದೂರುದಾರರು ಮೊದಲು ಮಾತಾಡಬಹುದು. ಹೋನೆಯವರೇ, ನಿಮಗೆ ಏನು ಬೇಕು?”

ಆ ಕಡೆ ಉಸಿರು ಕೇಳಿಸಿತು. ಆಮೇಲೆ ಹೋನೆಯ ದಪ್ಪ ದನಿ. ಆ ದನಿಯಲ್ಲಿ ಅವನು ಶೆಡ್ಡಿನಲ್ಲಿ ಹಾಡುತ್ತಿದ್ದರೆ ಕುರಿಗಳೂ ಸುಮ್ಮನಾಗುತ್ತಿದ್ದವಂತೆ.

“ನನಗೇನೂ ಬೇಡ ಸರ್. ದೂರು ವಾಪಸ್ ತಗೋತೀನಿ.”

“ಯಾಕೆ ಅಂತ ಕೇಳಬಹುದಾ?”

“ಟ್ರೂಡಿ ಹೇಳಿದ್ದೇ ಸರಿ. ಚೀಟಿ ನಾನೇ ಬದಲಾಯಿಸ್ದೆ. ಒಣ ಅಂತ ಬಂದಿತ್ತು. ಒದ್ದೆ ಅಂತ ಹೇಳ್ದೆ.”

ಟ್ರೂಡಿ ಗುಂಡಿ ಒತ್ತಿದಳು. ನಮ್ಮ ಕಡೆಯ ಸದ್ದು ನಿಂತಿತು.

“ಸುಳ್ಳು,” ಅಂದಳು ನನಗೆ. “ಯಾಕೆ ಸುಳ್ಳು ಹೇಳ್ತಿದಾನೆ ಇವನು?”

ನನಗೆ ಗೊತ್ತಿರಲಿಲ್ಲ. ಮೂರು ವಾರ ಒಂಟಿಯಾಗಿ ನಿಂತು ಹೋರಾಡಿದವನು, ಗೆಲುವು ಬಾಗಿಲಿಗೆ ಬಂದಾಗ ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಳ್ಳುತ್ತಿದ್ದ. ಇನ್ನು ಯಾವ ಶೆಡ್ಡಿನಲ್ಲೂ ಅವನ ಕೈಗೆ ಟೋಪಿ ಕೊಡುವವರಿಲ್ಲ, ಕತ್ತರಿ ಕೊಡುವವರೂ ಇಲ್ಲ.

“ಶ್ರೀಮತಿ ವೆಲ್ಲಾ,” ಅಂದರು ಅಧಿಕಾರಿ. “ಕೇಳಿಸಿಕೊಂಡಿರಲ್ಲ. ನಿಮ್ಮ ಕಡೆಯಿಂದ ಹೇಳುವುದೇನಾದರೂ ಇದೆಯೇ? ಇಲ್ಲದಿದ್ದರೆ ಇಲ್ಲಿಗೆ ಮುಗಿಸೋಣ.”

ಇಲ್ಲ ಎಂಬ ಒಂದು ಮಾತು ಸಾಕಿತ್ತು. ತಂಡ ಉಳಿಯುತ್ತಿತ್ತು, ಹನ್ನೆರಡು ಮನೆ ಉಳಿಯುತ್ತಿದ್ದವು, ಪಾಕ್ಲಿಯ ಶೆಡ್ಡು ಉಳಿಯುತ್ತಿತ್ತು. ಬಾಯಿ ಬಿಡದೆ ಸುಮ್ಮನೆ ಕೂತರೂ ಸಾಕಿತ್ತು.

ನಾನು ಹೇಳಬೇಕಾದ್ದೆಲ್ಲ ಹೇಳಿ ಆಗಿತ್ತು. ಎದ್ದು ನಿಂತು ಚೀಲ ಹೆಗಲಿಗೇರಿಸಿದೆ.

ಟ್ರೂಡಿ ಫೋನನ್ನು ಕೈಗೆತ್ತಿಕೊಂಡು ಮತ್ತೆ ಗುಂಡಿ ಒತ್ತಿ ಸದ್ದು ತೆರೆದಳು.

“ಇದೆ ಸರ್. ಅವನು ಸುಳ್ಳು ಹೇಳ್ತಿದಾನೆ. ಮತ ನಿಜ. ಕುರಿ ಒದ್ದೆಯಿತ್ತು. ಒದ್ದೆ ಮಾಡಿದ್ದು ನಾನು. ಭಾನುವಾರ ಸಂಜೆ ನನ್ನ ಪಿಕಪ್ಪಿನ ಪಂಪಿಂದ ನಾನೇ ನೀರು ಹೊಡೆದೆ. ಅವನ ತಪ್ಪೇನೂ ಇರಲಿಲ್ಲ, ಅದು ಗೊತ್ತಿದ್ದೇ ಅವನನ್ನ ಕಳಿಸಿದೆ.” ಫೋನನ್ನು ಬಾಯಿಗೆ ಇನ್ನೂ ಹತ್ತಿರ ತಂದಳು. “ಹೋನೆ, ಕೇಳಿಸ್ತಿದೆಯೇನೋ? ತಪ್ಪು ನಂದು. ನೀನು ಯಾಕೋ ಹೊತ್ಕೋತೀಯ?”

ಆ ಕಡೆ ಕುರ್ಚಿ ಸರಿದ ಸದ್ದು. ಹೋನೆ ಏನೋ ಹೇಳಲು ಹೋದ. “ಟ್ರೂಡಿ, ನೀನು ಇದರಲ್ಲಿ...”

ಅವನ ಮಾತು ಅಲ್ಲಿಗೇ ನಿಂತಿತು. ಫೋನನ್ನು ಯಾರೋ ಕಸಿದುಕೊಂಡ ಹಾಗೆ ಕರಕರ ಸದ್ದಾಯಿತು. ಮತ್ತೆ ಬಂದ ದನಿ ಹೋನೆಯದಲ್ಲ. ವಯಸ್ಸಾದದ್ದು, ಸಾವಧಾನದ್ದು, ಆಳುಗಳಿಗೆ ಆಜ್ಞೆ ಮಾಡಿ ಮಾಡಿ ನುಣುಪಾದದ್ದು.

“ಅದು ನನಗೆ ಅವತ್ತೇ ಗೊತ್ತಿತ್ತಮ್ಮ ಟ್ರೂಡಿ. ನೀನು ನೀರು ಹೊಡೀತಿದ್ದಾಗ ನಾನು ಜಗಲಿ ಮೇಲೆ ಕೂತು ನೋಡ್ತಿದ್ದೆ. ಸುಮ್ಮನಿದ್ದಿದ್ರೆ ನಿನಗೇ ಒಳ್ಳೇದಿತ್ತು.”

ಟ್ರೂಡಿಯ ತುಟಿ ಅಲುಗಿತು. ಪಾಕ್ಲಿ, ಎಂದಳು ದನಿಯಿಲ್ಲದೆ.

ನನ್ನ ಚೀಲ ಹೆಗಲಿಂದ ಜಾರಿ ನೆಲಕ್ಕೆ ಬಿತ್ತು. ಕುರಿ ಒದ್ದೆಯೆಂದು ಗೊತ್ತಿದ್ದೇ ಅವನು ಎಲ್ಲರೆದುರು ಮೋಸ ಎಂದು ಕೂಗಾಡಿದ್ದ. ಗೊತ್ತಿದ್ದೇ ಆ ಉಣ್ಣೆಯನ್ನು ಒತ್ತಿಸಿ ರಾಶಿಯ ಅಡಿಗೆ ತಳ್ಳಿಸಿದ್ದ. ಒಂದು ದಿನದ ಕೆಲಸ ನಿಂತದ್ದು ಅವನಿಗೆ ಲೆಕ್ಕವೇ ಆಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹೋನೆ ರಾಪಾನಾ ಕುಲ್ಬರಾದಿಂದ ಹೊರಗೆ ಹೋಗುವುದು, ಅದೂ ಇನ್ನೊಬ್ಬರ ಕೈಯಿಂದ. ಟ್ರೂಡಿ ತಾನಾಗಿ ಕೈ ಒದಗಿಸಿದ್ದಳು. ಅವನಿಗೆ ಅದು ಯಾಕೆ ಬೇಕಿತ್ತೆಂದು ಮಾತ್ರ ನನಗಿನ್ನೂ ತಿಳಿದಿರಲಿಲ್ಲ.

ಹಾಗೆ ಹೊರಗೆ ಹಾಕಿಸಿದವನನ್ನು ಈಗ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಸುಳ್ಳು ಹೇಳಿಸಿದ್ದ.

“ಈಗ ಮಾತಾಡಿದವರು ಯಾರು?” ಸಂಧಾನಾಧಿಕಾರಿಯ ದನಿಯಲ್ಲಿ ಮೃದುತನ ಉಳಿದಿರಲಿಲ್ಲ. “ದೂರುದಾರರೇ, ನಿಮ್ಮ ಜೊತೆ ಇರುವವರು ಯಾರು? ನೀವು ಎಲ್ಲಿಂದ ಮಾತಾಡುತ್ತಿದ್ದೀರಿ? ಹೋನೆಯವರೇ?”

ದೂರದಲ್ಲಿ, ಫೋನಿನಿಂದ ಬಹಳ ದೂರದಲ್ಲಿ, ಒಂದು ಬಾಗಿಲಿಗೆ ಚಿಲಕ ಹಾಕಿದ ಸದ್ದು ಕೇಳಿಸಿತು.